ಸೇತುವೆ ಇರುವ ಚೌಕಗಳು

ಸಾವಿರಕ್ಕೆ ನಲವತ್ತೆರಡು ರೂಪಾಯಿ.
ಒಂದೊಂದಕ್ಕೆ ಎಷ್ಟಾಯಿತೆಂದು ಲೆಕ್ಕ ಹಾಕಬಾರದು,
ಹಾಕಿದರೆ ಕೈ ನಿಧಾನವಾಗುತ್ತದೆ.

ಕೋಡಿಬಾಗದ ಈ ಮಹಡಿ ಕೋಣೆಯಲ್ಲಿ
ರಾತ್ರಿ ಹತ್ತರಿಂದ ನಸುಕಿನ ಮೂರರವರೆಗೆ
ನಾನು ಮನುಷ್ಯಳೆಂದು ರುಜುವಾತು ಮಾಡುತ್ತೇನೆ,
ನನಗಾಗಿ ಅಲ್ಲ.
ಎಲ್ಲಿಯದೋ ಬಾಗಿಲಲ್ಲಿ ತಡೆದು ನಿಂತ ಯಂತ್ರ
ತನಗೆ ಬಂದ ಪ್ರಶ್ನೆಯನ್ನು ನನ್ನತ್ತ ದಾಟಿಸುತ್ತದೆ,
ಪರೀಕ್ಷೆಯಲ್ಲಿ ಹಿಂದಿನ ಬೆಂಚಿನವ
ಚೀಟಿ ದಾಟಿಸಿದ ಹಾಗೆ.
ಬಸ್ಸು ಇರುವ ಚೌಕ ಒತ್ತು. ಒತ್ತುತ್ತೇನೆ.
ಮೆಟ್ಟಿಲು. ಒತ್ತುತ್ತೇನೆ.
ಸೊಟ್ಟ ಅಕ್ಷರಗಳು, ಮಳೆಗೆ ನೆನೆದ ರೇಷನ್ ಚೀಟಿಯಂಥವು,
ಓದಿ ಬರೆಯುತ್ತೇನೆ.
ಬಾಗಿಲು ತೆರೆಯುತ್ತದೆ. ಒಳಗೆ ಹೋದದ್ದು ಏನು,
ಹೋಗಿ ಯಾರ ಹತ್ತಿರ ಏನು ಮಾತಾಡಿತು,
ಹೇಳುವವರಿಲ್ಲ.

ದೋಣಿ ಎಂದು ಕೇಳಿದಾಗ ಮೊದಮೊದಲು ತಪ್ಪುತ್ತಿತ್ತು.
ಪಾತಿಯನ್ನು ಬಿಟ್ಟು, ಟ್ರಾಲರನ್ನು ಬಿಟ್ಟು
ದೋಣಿಯನ್ನಷ್ಟೇ ಒತ್ತುತ್ತಿದ್ದೆ,
ತಾಂಡೇಲರ ಮನೆಯ ಹುಡುಗಿ.
ಅಲ್ಲಿ ತೇಲುವುದೆಲ್ಲ ಒಂದೇ.
ಗೊತ್ತಿದ್ದದ್ದನ್ನು ಸ್ವಲ್ಪ ಮರೆತರೆ
ಬೇಗ ಪಾಸಾಗಬಹುದು. ಕಲಿತೆ.

ಹೋದ ಶುಕ್ರವಾರ ಸೇತುವೆ ಬಂತು.
ಬೆರಳು ನಿಂತಿತು.
ನನ್ನ ಕಿಟಕಿಗೂ ಅಡ್ಡ ಎರಡು, ಉದ್ದ ಎರಡು ಸರಳು;
ಒಂಬತ್ತು ಚೌಕ, ಆಚೆ ಕಾಳಿ.
ಮೇಲಿನ ಮೂರರಲ್ಲಿ ಹೊಸ ಸೇತುವೆಯ ದೀಪ.
ನಡುವಿನ ಸಾಲಿನಲ್ಲಿ ಹಳೆಯದು ಇತ್ತು,
ಒಂದು ಮಳೆಗಾಲದ ರಾತ್ರಿ ಬಿದ್ದುಹೋಯಿತು.
ಸದಾಶಿವಗಡದ ಅತ್ತೆಯ ಮನೆಗೆ
ಅದರ ಮೇಲೆಯೇ ಸೈಕಲ್ಲು ತುಳಿದದ್ದು;
ಕಾಲು ಈಗಲೂ ಅದರ ಜೋಡುಗಳನ್ನು ಎಣಿಸುತ್ತದೆ.
ಆ ಕತ್ತಲೆಯ ಚೌಕವನ್ನು ಒತ್ತಬೇಕೋ ಬೇಡವೋ
ಎನ್ನುವಷ್ಟರಲ್ಲಿ ಸಮಯ ಮೀರಿತ್ತು.
ಮತ್ತೆ ಪ್ರಯತ್ನಿಸಿ.

ಇಳಿತದ ಹೊತ್ತಿಗೆ ಆಯಿ ಹೊಳೆಗಿಳಿದು ತಿಸ್ರೆ ತರುತ್ತಾಳೆ.
ಅಂಗಳದಲ್ಲಿ ಕೂತು ಎರಡೆರಡನ್ನೇ ಕುಟ್ಟಿ ಕೇಳುತ್ತಾಳೆ.
ಜೀವ ಇದ್ದದ್ದಕ್ಕೆ ಒಂದು ಸದ್ದು,
ಕೆಸರು ತುಂಬಿ ಬಾಯಿ ಮುಚ್ಚಿಕೊಂಡದ್ದಕ್ಕೆ ಇನ್ನೊಂದು.
ನೋಡಿದರೆ ಎರಡಕ್ಕೂ ಅದೇ ಗೆರೆ, ಅದೇ ಹೊಳಪು.
ಒಂದು ತಪ್ಪಿ ಪಾತ್ರೆಗೆ ಬಿದ್ದರೂ
ಇಡೀ ಸಾರು ಹಲ್ಲಿಗೆ ಮರಳು.
ಇದಕ್ಕೆ ಸಾವಿರಕ್ಕಿಷ್ಟು ಎಂದು
ಅವಳಿಗೆ ಯಾರೂ ಕೊಡುವುದಿಲ್ಲ.

ಮೊನ್ನೆ ಚಿತ್ತಾಕುಲದ ಕುಸುಮಕ್ಕ ಬಂದು ಜಗುಲಿಯಲ್ಲಿ ಕೂತಳು.
ಕರೆಂಟು ಕಡಿಯುತ್ತೇವೆ ಎಂಬ ಸಂದೇಶ,
ಒತ್ತು ಎಂದಲ್ಲಿ ಒತ್ತಿದ್ದಾಳೆ,
ಒಣಮೀನಿನ ಹನ್ನೊಂದು ಸಾವಿರ ಹೋಗಿದೆ.
“ನನ್ನ ಹೆಸರು ಹಾಕಿ, ಅಕ್ಕಾ ಅಂತ ಬರೆದಿತ್ತಲ್ಲೇ.
ಮನುಷ್ಯರೇ ಇರಬೇಕು ಅಂದ್ಕೊಂಡೆ.”
ಆಯಿ ಕುಟ್ಟುವುದನ್ನು ನಿಲ್ಲಿಸಲಿಲ್ಲ.
ನಾನು ಒಳಗೆ ಹೋಗಿ ಚಹಾಕ್ಕಿಟ್ಟೆ.
ಸಕ್ಕರೆ ಹಾಕಿದೆನೋ ಇಲ್ಲವೋ, ಇವತ್ತಿಗೂ ತಿಳಿಯದು.
ಅವಳು ಕುಡಿದಳು.

ಇಂದು ನನ್ನದೇ ಕೆಲಸ, ಪರೀಕ್ಷೆಯ ಅರ್ಜಿ.
ಕಡೆಯ ಪುಟದಲ್ಲಿ ಅದೇ ಚೌಕಗಳು.
ಒತ್ತಿದೆ. ಒಪ್ಪಲಿಲ್ಲ.
ಹದಿನಾಲ್ಕು ಸಲ: ಬಸ್ಸು, ಮೆಟ್ಟಿಲು, ದೋಣಿ, ದೋಣಿ.
ನಿಮ್ಮ ಕಡೆಯಿಂದ ಅಸಹಜ ಚಟುವಟಿಕೆ ಕಂಡುಬಂದಿದೆ.
ಇಷ್ಟು ಬೇಗ, ಇಷ್ಟು ಸರಿಯಾಗಿ
ಮನುಷ್ಯರು ಒತ್ತುವುದಿಲ್ಲವಂತೆ.

ನಗುತ್ತಲೇ ಅಂಗಳಕ್ಕೆ ಬಂದು ಆಯಿಗೆ ಹೇಳಿದೆ,
ನೋಡು, ನಾನು ಯಂತ್ರವಂತೆ.
ಅವಳು ತಲೆ ಎತ್ತಿದಳು.
“ಹತ್ತಿರ ಬಾ” ಎಂದು
ಒದ್ದೆ ಬೆರಳ ಗೆಣ್ಣಿನಿಂದ
ನನ್ನ ನೆತ್ತಿಯ ಮೇಲೆ ಎರಡು ಸಲ ಕುಟ್ಟಿ
ಕಿವಿ ಓರೆ ಮಾಡಿದಳು.

ಏನು ಕೇಳಿಸಿತೆಂದು ಹೇಳಲಿಲ್ಲ.
ಬುಟ್ಟಿಯಿಂದ ಇನ್ನೆರಡು ಎತ್ತಿಕೊಂಡಳು.